ಅಕ್ಕನ ಹೆಸರಿನ ಎಲೆ

ಮದ್ದೂರು,
ಧಾತು ಸಂವತ್ಸರ, ಕಾರ್ತಿಕ ಬಹುಳ ಚೌತಿ, ಬುಧವಾರ
೨-೧೨-೧೯೩೬

ಚಿರಂಜೀವಿ ಸಂಪತ್ತೂ,

ನಿನ್ನ ಅಕ್ಕ ತಿರುಮಲಮ್ಮನ ಆಶೀರ್ವಾದ. ನಿನ್ನ ಹೊಟ್ಟೆನೋವು ಹೇಗಿದೆ, ಅದನ್ನು ಮೊದಲು ಬರೆ. ರಬ್ಬರ್ ತೋಟದ ಆಫೀಸಿನಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಕೂರುವವನು ಹೊತ್ತಿಗೆ ಸರಿಯಾಗಿ ಮಜ್ಜಿಗೆ ಕುಡಿಯಬೇಕು, ಓಮದ ಪುಡಿ ಹಾಕಿಕೊಡು ಎಂದು ನಿನ್ನ ಹೆಂಡತಿ ಶ್ರೀಮತಿಗೆ ಹೋದ ಸಲವೇ ಬರೆದಿದ್ದೆ. ಕೊಟ್ಟಳೋ ಇಲ್ಲವೋ, ಕೊಟ್ಟರೆ ನೀನು ಕುಡಿದೆಯೋ ಇಲ್ಲವೋ, ಎರಡನ್ನೂ ತಿಳಿಸು. ಮಗು ಚೂಡಾಮಣಿಗೆ ಕೆಮ್ಮು ನಿಂತಿತೇ? ಒಂಬತ್ತು ತುಂಬಿದ ಹುಡುಗಿ, ಇನ್ನೂ ಸಮುದ್ರದ ನೀರಿನಲ್ಲಿ ತಲೆ ನೆನೆಸಿಕೊಂಡು ಬರುತ್ತಾಳೆಂದರೆ ತಪ್ಪು ಅವಳದಲ್ಲ, ಅವಳ ಅಪ್ಪನದು. ಇಲ್ಲಿ ಎಲ್ಲರೂ ಕ್ಷೇಮ. ಅಣ್ಣನ ಮಂಡಿನೋವು ಹಾಗೆಯೇ ಇದೆ. ಸ್ಕೂಲಿಗೆ ಹೊರಡುವಾಗ ಹೆಚ್ಚು, ಜಗಲಿಯ ಮೇಲೆ ಇಸ್ಪೀಟಿಗೆ ಕೂರುವಾಗ ಕಡಿಮೆ. ಅತ್ತಿಗೆ ಎಂದಿನಂತೆ ಇದ್ದಾರೆ. ನಾಲೆಯ ನೀರು ಬಂದಮೇಲೆ ಕೊಪ್ಪದ ಕಡೆಯೆಲ್ಲ ಕಬ್ಬೋ ಕಬ್ಬು. ಮಂಡ್ಯದ ಕಾರ್ಖಾನೆಗೆ ಹೋಗುವ ಗಾಡಿಗಳು ಸಾಲಾಗಿ ನಿಂತರೆ ನಮ್ಮ ಬೀದಿ ದಾಟುವುದೇ ಕಷ್ಟ.

ನಿನ್ನ ನಾಲ್ಕು ಕಾಗದಗಳೂ ತಲುಪಿವೆ. ನಾಲ್ಕರಲ್ಲೂ ಕೇಳಿರುವುದು ಒಂದೇ. ಸಮುದ್ರ ದಾಟಿ ಮಲಾಕೆಗೆ ಬಂದು ನಮ್ಮ ಜೊತೆಯಲ್ಲೇ ಇದ್ದುಬಿಡು ಅಕ್ಕ, ಬರುತ್ತೀಯೋ ಇಲ್ಲವೋ ಒಂದೇ ಮಾತಿನಲ್ಲಿ ಹೇಳು ಎಂದು. ನಾನೂ ಮೂರು ಸಲ ನೆಪ ಹೇಳಿದೆ. ಹಡಗಿನಲ್ಲಿ ಮಡಿ ನಡೆಯುವುದಿಲ್ಲ ಎಂದೆ. ಒಂದು ವಾರ ಅವಲಕ್ಕಿ, ಬಾಳೆಹಣ್ಣಿನಲ್ಲಿ ಕಳೆದರಾಯಿತು ಎಂದು ನೀನು ಬರೆದೆ. ಅತ್ತಿಗೆಗೆ ಒಬ್ಬರಿಗೇ ಅಡುಗೆಮನೆ ತೂಗಿಸಲಾಗದು ಎಂದೆ. ಅದಕ್ಕೆ ನೀನು ಏನೂ ಬರೆಯಲಿಲ್ಲ, ಜಾಣ. ಕೊನೆಗೆ, ಕಾರ್ತಿಕದಲ್ಲಿ ವನಭೋಜನಕ್ಕೆ ಒಂದು ನೆಲ್ಲಿಮರವೂ ಇಲ್ಲದ ದೇಶದಲ್ಲಿ ನನಗೇನು ಕೆಲಸ ಎಂದೆ. ಅದಕ್ಕೆ ನೀನು, ಮಲಾಕೆಗೆ ಹೆಸರು ಬಂದದ್ದೇ ನೆಲ್ಲಿಮರದಿಂದಂತೆ, ಹಿಂದೆ ಒಬ್ಬ ರಾಜ ನೆಲ್ಲಿಮರದ ಕೆಳಗೆ ಕೂತು ಊರು ಕಟ್ಟಿದನಂತೆ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ನಗು ಬಂತು. ಇವನು ನನ್ನನ್ನು ಕರೆಸಿಕೊಳ್ಳಲು ಒಂದು ಊರಿನ ಹೆಸರನ್ನೇ ಕಟ್ಟಿಬಿಟ್ಟನಲ್ಲ ಎಂದುಕೊಂಡೆ. ನಲವತ್ತೆಂಟು ವರ್ಷ ತುಂಬಿದವಳು ನಾನು. ಹದಿಮೂರನೆಯ ವಯಸ್ಸಿನಲ್ಲಿ ಮಳವಳ್ಳಿಯ ಅತ್ತೆಮನೆಗೆ ಹೋದೆ, ನಾಲ್ಕೇ ತಿಂಗಳಿಗೆ ತಲೆ ಬೋಳಿಸಿಕೊಂಡು ಹಿಂದಕ್ಕೆ ಬಂದೆ. ನಾನು ಮಾಡಿದ ದೊಡ್ಡ ಪ್ರಯಾಣವೆಂದರೆ ಅದೇ. ಆಮೇಲೆ ಕನ್ನಡಕಕ್ಕೆಂದು ಒಂದು ಸಲ ಮಂಡ್ಯಕ್ಕೆ ಹೋಗಿದ್ದೆ.

ಆದರೆ ನಿಜ ಹೇಳುತ್ತೇನೆ, ಈ ಏಳು ವರ್ಷದಿಂದ ನಿಮ್ಮ ಭಾನುವಾರಗಳನ್ನು ಓದುವುದೇ ನನ್ನ ಭಾನುವಾರ. ಅಲ್ಲಿಯೂ ಎತ್ತಿನ ಗಾಡಿ ಇದೆಯಂತೆ, ಅದರ ಕಮಾನು ನಮ್ಮದಕ್ಕಿಂತ ಎತ್ತರವಂತೆ, ಅದರಲ್ಲಿ ಕೂತು ನೀವು ಮೂವರೂ ಕಡಲ ದಂಡೆಗೆ ಹೋಗುವುದಂತೆ. ನೀರು ಹಿಂದಕ್ಕೆ ಸರಿದಾಗ ಚೂಡಿ ಕೆಸರಿನಲ್ಲಿ ಏಡಿಗಳನ್ನು ಅಟ್ಟಿಸಿಕೊಂಡು ಹೋಗುವುದು, ಮೊದಲ ವರ್ಷ ದಡದಲ್ಲೇ ಕಲ್ಲಾಗಿ ನಿಂತಿದ್ದ ಶ್ರೀಮತಿ ಈಗ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿಯುವುದು, ಗುಡ್ಡದ ಮೇಲಿನ ಸೂರಿಲ್ಲದ, ಕ್ರೈಸ್ತರ ಹಳೆಯ ಇಗರ್ಜಿಯ ನೆರಳಿನಲ್ಲಿ ಕೂತು ಮೊಸರನ್ನ ತಿನ್ನುವುದು, ಎಲ್ಲವೂ ನನಗೆ ಬಾಯಿಪಾಠ. ನಿಮ್ಮ ಪಕ್ಕದ ಮನೆಯ ಚೀಣೀ ಮುದುಕಿ ಕಿತ್ತಳೆಹಣ್ಣು ಕೊಟ್ಟದ್ದು, ಪ್ರತಿಯಾಗಿ ಶ್ರೀಮತಿ ಪುಳಿಯೋಗರೆ ಕೊಟ್ಟದ್ದು, ಆಕೆ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ತುತ್ತು ಕೇಳಿದ್ದು ಓದಿ ನಾನೂ ಅತ್ತಿಗೆಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ದೇಶಕ್ಕೆ ಹೋದಮೇಲೆ ನೀವು ಸೂರಿನ ಕೆಳಗೆ ಕೂರುವುದೇ ಇಲ್ಲವೇನೋ ಎಂದು ನಾನು ಒಮ್ಮೆ ಆಕ್ಷೇಪಿಸಿದ್ದೆ. ಅದಕ್ಕೆ ನೀನು ಬರೆದೆ, 'ಇಲ್ಲಿ ಹಬ್ಬಕ್ಕೆ ಹೋಗಲು ನಮಗೆ ಒಂದು ನೆಂಟರ ಮನೆಯಿಲ್ಲ ಅಕ್ಕ, ಅದಕ್ಕೇ ಬಯಲಿಗೆ ಹೋಗುತ್ತೇವೆ' ಎಂದು.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ಶ್ರೀಮತಿ ಕೇಳಿದ್ದಳು, ನಾನು ಮೈಸೂರಿನಲ್ಲಿ ಬೆಳೆದವಳು, ನಿಮ್ಮ ಕಡೆ ವನಭೋಜನ ಹೇಗೆ ಮಾಡುತ್ತೀರಿ, ವಿವರವಾಗಿ ಬರೆಯಿರಿ ಎಂದು. ನಾನು ಎರಡು ಹಾಳೆ ತುಂಬ ಬರೆದು ಕಳಿಸಿದೆ. ಶಿಂಷಾ ಹೊಳೆಯ ದಂಡೆಯ ತೋಪಿನಲ್ಲಿ ನೆಲ್ಲಿಮರದ ಬುಡಕ್ಕೆ ಒಂದು ಆನೆಕಲ್ಲಿದೆ, ಮನೆಯ ಕಿರಿಯ ಮಗು ಅದರ ಮೇಲೆ ಕೂತು ಎಲ್ಲರ ಹೆಸರನ್ನೂ ಕೂಗಬೇಕು, ಮನೆಯಲ್ಲೇ ಉಳಿದವರ ಹೆಸರನ್ನು ಮೊದಲು ಕೂಗಬೇಕು, ಒಂದೊಂದು ಹೆಸರಿಗೂ ಒಂದೊಂದು ಮುತ್ತುಗದ ಎಲೆಯಲ್ಲಿ ತುತ್ತು ಅನ್ನವಿಟ್ಟು ನೀರಿಗೆ ಬಿಡಬೇಕು, ಆಮೇಲೆಯೇ ಊಟ ಎಂದು. ಅಂದಿನಿಂದ ನೀವು ಕಡಲ ದಂಡೆಯಲ್ಲಿ ಹಾಗೆಯೇ ಮಾಡುತ್ತಿದ್ದೀರಿ. ಪ್ರತಿ ವರ್ಷವೂ ಚೂಡಿ ಕಲ್ಲು ಹತ್ತಿ 'ಮದ್ದೂರಿನ ತಿರುಮಲತ್ತೇ' ಎಂದು ಮೊದಲು ನನ್ನ ಹೆಸರು ಕೂಗುತ್ತಾಳೆ, ನನ್ನ ಎಲೆ ಎಲ್ಲರ ಎಲೆಗಿಂತ ಮುಂದೆ ಹೋಗುತ್ತದೆ. ಈ ಸಲದ ಕಾಗದದ ಕೊನೆಯಲ್ಲಿ ಅವಳು ಸೊಟ್ಟ ಅಕ್ಷರದಲ್ಲಿ ಕೇಳಿದ್ದಳು, 'ಅತ್ತೆ, ಅಲ್ಲಿ ನಮ್ಮ ಮೂವರ ಎಲೆ ನೀರಿಗೆ ಬಿಟ್ಟು ಯಾವುದು ಮುಂದೆ ಹೋಯಿತು ನೋಡಿ ಬರೆಯಿರಿ.' ನೋಡಿ ಬರೆಯಬೇಕಂತೆ! ಅದನ್ನು ಓದಿದಮೇಲೆ ಒಂದು ವಾರ ನನಗೆ ಅನ್ನ ಸೇರಲಿಲ್ಲ.

ಯಾಕೆಂದು ನಿನಗೆ ಗೊತ್ತು. ಆ ಮಗುವಿಗೆ ಗೊತ್ತಿಲ್ಲ. ನಾನು ವನಭೋಜನ ನೋಡಿದವಳೇ ಅಲ್ಲ, ನಮ್ಮ ಮನೆಯಲ್ಲಿ ಅದು ಶುರುವಾದದ್ದೇ ನಾನು ಮಳವಳ್ಳಿಯಿಂದ ಹಿಂದಕ್ಕೆ ಬಂದಮೇಲೆ. ಬೆಳಗಿನ ಜಾವಕ್ಕೇ ಎದ್ದು ಪುಳಿಯೋಗರೆ ಕಲಸಿ, ಪಾತ್ರೆ ಪರಡಿ ಕಟ್ಟಿ, ಒಂದನ್ನೂ ಮರೆಯದೆ ಹೊಂದಿಸಿಡುವುದು ನನ್ನ ಕೆಲಸ. ಗಾಡಿ ಹೊರಡುವ ಹೊತ್ತಿಗೆ ಎದುರಿಗೆ ಬರಬಾರದಾದ್ದರಿಂದ ನಡುಮನೆಯ ಬಾಗಿಲ ಹಿಂದೆ ನಿಲ್ಲುವುದು, ಎತ್ತಿನ ಗೆಜ್ಜೆ ಬೀದಿಯ ತಿರುವು ದಾಟಿದಮೇಲೆ ಈಚೆಗೆ ಬರುವುದು. ಅಮ್ಮ ಹೋದಾಗ ನಿನಗೆ ಎರಡು ವರ್ಷ. ಆರು ವರ್ಷದವನಾದಾಗ ಮೊದಲ ಸಲ ನಿನ್ನನ್ನೂ ಗಾಡಿಗೆ ಹತ್ತಿಸಿ ಕಳಿಸಿದೆ. ಸಂಜೆ ಬಂದವನು ನನ್ನ ಪಕ್ಕದಲ್ಲಿ ಕೂತು ಆನೆಕಲ್ಲಿನ ಕಥೆ, ಎಲೆಯ ಕಥೆ ಎಲ್ಲ ಹೇಳಿದೆ. 'ಎಲ್ಲರಿಗಿಂತ ಮೊದಲು ನಿನ್ನ ಹೆಸರೇ ಕೂಗಿದ್ದು ಅಕ್ಕ, ಅಣ್ಣನೇ ನಿನ್ನ ಎಲೆ ಬಿಟ್ಟ' ಎಂದೆ. ಪ್ರತಿ ವರ್ಷವೂ ಬಂದು ಅದನ್ನೇ ಹೇಳುತ್ತಿದ್ದೆ. ಹೊಟ್ಟೆ ತುಂಬ ಉಂಡು ಬಂದವನಿಗೆ ಮತ್ತೆ ಹಸಿವು ಬೇರೆ! ಮೊಸರನ್ನ ಕೇಳುತ್ತಿದ್ದೆ, ನಾನು ಹೊಟ್ಟೆಬಾಕ ಎಂದು ಬೈಯುತ್ತಾ ಕಲಸಿಕೊಡುತ್ತಿದ್ದೆ. ಬಾಗಿಲ ಹಿಂದೆ ನಿಲ್ಲುವುದು ನನಗೆ ಕಷ್ಟವಾಗಲಿಲ್ಲ ಸಂಪತ್ತೂ, ಆ ಎಲೆಯೊಂದು ಇತ್ತಲ್ಲ. ಎದುರಿಗೆ ಬೇಡವಾದವಳನ್ನು ಹೊಳೆಯ ದಂಡೆಯಲ್ಲಿ ಮೊದಲು ನೆನೆಯುತ್ತಾರೆ ಎಂದು ನಂಬಿಕೊಂಡು ಇಪ್ಪತ್ತೆಂಟು ವರ್ಷ ಕಳೆದೆ.

ಹೋದ ಭಾನುವಾರದ ಹಿಂದಿನ ಭಾನುವಾರ ವನಭೋಜನ. ಗಾಡಿ ಹೋದಮೇಲೆ ನೋಡುತ್ತೇನೆ, ಉಪ್ಪಿನ ಜಾಡಿ ಒಲೆಯ ಪಕ್ಕದಲ್ಲೇ ಇದೆ. ಹುಳಿಯನ್ನು ಅಲ್ಲಿಯೇ ಕುದಿಸುವುದು, ಉಪ್ಪಿಲ್ಲದೆ ಹೇಗೆ? ಮರೆತೆನೋ, ಬೇಕೆಂದೇ ಬಿಟ್ಟೆನೋ, ದೇವರಾಣೆ ನನಗೆ ಈಗಲೂ ಗೊತ್ತಿಲ್ಲ. ಜಾಡಿಯನ್ನು ಸೆರಗಿನಲ್ಲಿ ಹಿಡಿದು ನಡೆದೇ ಹೊರಟೆ. ಪೇಟೆಯಲ್ಲಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಕಂಡು ಅಪಶಕುನವೆಂದು ಒಳಗೆ ಹೋಗಿ ನೀರು ಕುಡಿದು ಬಂದರು. ನಾನು ನಿಲ್ಲಲಿಲ್ಲ. ತೋಪಿಗೆ ಹೋಗಿ ನೋಡಿದರೆ ಅಣ್ಣ ಜೊತೆಗಾರರ ಸಂಗಡ ಇಸ್ಪೀಟು ಹಾಕಿಕೊಂಡು ಕೂತಿದ್ದ, ಅತ್ತಿಗೆ ಹಸಿ ಸೌದೆಯ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಿದ್ದರು, ಪಾಯಸದ ತಪ್ಪಲೆಗೆ ಇರುವೆ ಮುತ್ತಿತ್ತು. ನೆಲ್ಲಿಮರ ಇತ್ತು. ಆನೆಕಲ್ಲು ಇರಲಿಲ್ಲ. ಕುರಿಯಷ್ಟು ದೊಡ್ಡ ಕಲ್ಲೂ ಇರಲಿಲ್ಲ. ಎಲೆ ಬಿಡುವುದು ಯಾವಾಗ ಎಂದು ಅತ್ತಿಗೆಯನ್ನು ಕೇಳಿದೆ. 'ಯಾವ ಎಲೆ? ಊಟದ ಎಲೆ ಆಗಲೇ ಹಾಕಿದೆಯಲ್ಲ' ಎಂದರು. ಉಪ್ಪು ತೆಗೆದುಕೊಂಡು, 'ಪಾಪ, ಬಿಸಿಲಲ್ಲಿ ಬಂದೆ. ನೀನು ಮುಂಚೆಯೇ ಹೊರಟುಬಿಡು ತಿರುಮಲು, ನಾವು ಹೊರಡುವಾಗ ಎದುರಾಗುವುದು ಬೇಡ' ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಮಳೆ ಬರುತ್ತೆ ಬಟ್ಟೆ ಒಳಗಿಡು ಎನ್ನುವ ಹಾಗೆ ಹೇಳಿದರು. ಅಣ್ಣ ಎಲೆಯಿಂದ ತಲೆಯೆತ್ತಿ ನೋಡಿದ, ಇಸ್ಪೀಟಿನ ಎಲೆಯಿಂದ.

ನನಗೆ ಬಂದ ಕೋಪವೆಲ್ಲ ನಿನ್ನ ಮೇಲೆ. ಇಷ್ಟು ವರ್ಷ ನನ್ನನ್ನು ಏಮಾರಿಸಿದನಲ್ಲ ಎಂದು ಹೊಳೆಯ ಕಡೆಗೆ ತಿರುಗಿ ನಿಂತುಬಿಟ್ಟೆ. ಅಲ್ಲಿ ಗಾಡಿಯ ಲಿಂಗಯ್ಯ ಎತ್ತಿಗೆ ನೀರು ಕುಡಿಸುತ್ತಿದ್ದ. ನೆನಪಿದೆಯಲ್ಲ, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಿದ್ದ ಕೊಪ್ಪದ ಲಿಂಗಯ್ಯ. ಈಗ ಮೀಸೆಯೆಲ್ಲ ಬೆಳ್ಳಗಾಗಿದೆ. ಎಲೆಯ ವಿಷಯ ಅವನನ್ನೇ ಕೇಳಿದೆ. ಅವನು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: 'ಯಾರೂ ಎಸ್ರು ಕೂಗ್ತಿರ್ನಿಲ್ಲ ಕಣವ್ವ. ಚಿಕ್ಕಯ್ನೋರು ಒಬ್ರೇ ಆ ಮರದ ಇಂದ್ಕಡೀಕ್ ಓಗಿ, ತಮ್ಮೆಲೇಲಿ ಇದ್ದುದ್ನೆಲ್ಲ ಮುತ್ತುಗದೆಲೆಗೆ ಆಕಂಡು ನೀರ್ಗೆ ಬುಡೋರು. ಯಾರ್ಗೆ ಸ್ವಾಮಿ ಇದು ಅಂದ್ರೆ, ನಮ್ಮಕ್ಕಂಗೆ ಕಣೋ ಅನ್ನೋರು. ಮದ್ವೆ ಆಗೋಗಂಟ್ಲೂ ಒಂದೊರ್ಸನೂ ತಪ್ಪುಸ್ನಿಲ್ಲ.' ಸಂಪತ್ತೂ, ಸಂಜೆ ನಿನಗೆ ಹಸಿವಾಗುತ್ತಿದ್ದದ್ದು ಅದಕ್ಕೇ ತಾನೇ? ನಾನು ಹೊಟ್ಟೆಬಾಕ ಎಂದು ಬೈದೆನಲ್ಲೋ. ದಡದಲ್ಲಿ ಕೂತು ಅತ್ತೆ. ಲಿಂಗಯ್ಯ ಪಾಪ ಏನೂ ತಿಳಿಯದೆ ಎತ್ತಿನ ಮೈ ತಿಕ್ಕುತ್ತಲೇ ಇದ್ದ.

ಆಮೇಲೆ ಅವನೇ ಮೂರು ಮುತ್ತುಗದ ಎಲೆ ಕಿತ್ತು ತಂದ. ಮೂರರಲ್ಲೂ ಒಂದೊಂದು ತುತ್ತು ಪುಳಿಯೋಗರೆ ಇಟ್ಟು ನೀರಿಗೆ ಬಿಟ್ಟೆವು. ಚೂಡಿಗೆ ಹೇಳು, ಈ ಸಲ ನೋಡಿಯೇ ಬರೆಯುತ್ತಿದ್ದೇನೆ. ಅವಳದೇ ಮುಂದೆ ಹೋಯಿತು, ರೈಲಿನ ಸೇತುವೆಯ ತನಕ ಕಣ್ಣಿಗೆ ಕಾಣುತ್ತಿತ್ತು. ಶ್ರೀಮತಿಯದು ಅವಳ ಹಿಂದೆಯೇ ಸರಿಯಾಗಿ ಹೋಯಿತು. ನಿನ್ನದು ಜೊಂಡಿಗೆ ಸಿಕ್ಕಿ ನಿಂತಿತ್ತು, ಲಿಂಗಯ್ಯ ಬಾರುಕೋಲಿನಿಂದ ತಳ್ಳಬೇಕಾಯಿತು. ನಡೆದುಕೊಂಡು ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಬರೆದ ಆ ಎರಡು ಹಾಳೆಯನ್ನು ಓದಿದಾಗ ಇದು ನೀನೇ ಕಟ್ಟಿದ ಕಥೆ ಎಂದು ನಿನಗೆ ಗೊತ್ತಾಗಿರಬೇಕು. ಹೆಂಡತಿಗೂ ಹೇಳಲಿಲ್ಲ, ನನಗೂ ಬರೆಯಲಿಲ್ಲ, ಮಗಳನ್ನು ಕಲ್ಲಿನ ಮೇಲೆ ಕೂರಿಸಿ ಅದನ್ನು ನಿಜ ಮಾಡಿಬಿಟ್ಟೆ. ನಿನ್ನನ್ನು ಬೈಯಬೇಕೋ ಹರಸಬೇಕೋ ತಿಳಿಯದೆ ಹತ್ತು ದಿನ ಕಾಗದ ಬರೆಯುವುದನ್ನೇ ಮುಂದೂಡಿದೆ. ನಿನ್ನ ಪ್ರಶ್ನೆಗೆ ಉತ್ತರ ಇನ್ನೂ ಬರೆದಿಲ್ಲ ಎಂದು ಗೊತ್ತು. ಅಣ್ಣನಿಗೆ ಒಂದು ಮಾತು ಹೇಳದೆ ಬರೆಯುವುದು ಸರಿಯಲ್ಲ. ಅವನು ಈಗ ಪೂಜೆಗೆ ಕೂತಿದ್ದಾನೆ.

ಶ್ರೀಮತಿಗೆ, ಚೂಡಿಗೆ ನನ್ನ ಆಶೀರ್ವಾದ. ಆ ಚೀಣೀ ಅಜ್ಜಿಗೆ ನನ್ನ ನಮಸ್ಕಾರ ಹೇಳಿ, ಮುಂದಿನ ಸಲ ಮೆಣಸಿನಕಾಯಿ ಕಡಿಮೆ ಹಾಕಿಕೊಡಿ. ನರಸಿಂಹಸ್ವಾಮಿ ನಿಮ್ಮನ್ನು ನೀರಿನ ಹತ್ತಿರವೂ ನೆಲದ ಮೇಲೂ ಕಾಯಲಿ.

ನಿನ್ನ ಅಕ್ಕ,
ತಿರುಮಲಮ್ಮ

ಮರೆತ ಮಾತು: ಟಪ್ಪಾಲಿನ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಅಣ್ಣ ಪೂಜೆ ಮುಗಿಸಿ ಬಂದಮೇಲೆ ಹೇಳಿದೆ. 'ಸಮುದ್ರ ದಾಟಿದವಳು ಮತ್ತೆ ಈ ಮನೆಯ ಅಡುಗೆಮನೆಗೆ ಕಾಲಿಡುವಂತಿಲ್ಲ, ಯೋಚಿಸು' ಎಂದ. ಅಡುಗೆಮನೆಗೆ ತಾನೇ, ಆಗಲಿ ಎಂದೆ. ಬೇಸಿಗೆಯಲ್ಲಿ ಊರಿಗೆ ಬರುತ್ತಾರೆಂದು ನೀನು ಬರೆದಿದ್ದ ನಿನ್ನ ಸ್ನೇಹಿತರ ಕುಟುಂಬ ಹಿಂತಿರುಗುವಾಗ ಅವರ ಜೊತೆಯಲ್ಲಿ ಹೊರಟು ಬರುತ್ತೇನೆ, ಅವರಿಗೆ ಬರೆದುಬಿಡು. ಏಡಿ, ಗುಡ್ಡ, ಊರಿನ ಹೆಸರಿನ ನೆಲ್ಲಿಮರ, ಇವುಗಳಲ್ಲಿ ಎಷ್ಟು ನಿಜ, ಎಷ್ಟು ನನಗಾಗಿ ಕಟ್ಟಿದ್ದು ಎಂದು ಬಂದು ನೋಡುತ್ತೇನೆ. ಒಂದೂ ಇಲ್ಲದಿದ್ದರೂ ಬೈಯುವುದಿಲ್ಲ. ಮುಂದಿನ ಕಾರ್ತಿಕದಲ್ಲಿ ಚೂಡಿ ಮೊದಲು ನನ್ನ ಹೆಸರನ್ನೇ ಕೂಗಲಿ, ನಾನು ಅಲ್ಲಿಯೇ ನಿಂತು 'ಓ' ಎನ್ನುತ್ತೇನೆ. ನನ್ನ ಎಲೆಯನ್ನು ಮಾತ್ರ ನೀರಿಗೆ ಬಿಡಬೇಡಿ, ನನ್ನ ಮುಂದೆ ಹಾಕಿ ಬಡಿಸಿ.