ಎರಡೆರಡು ಗುಳಿಗೆ

ತಮ್ಮಾ ದುಂಡೇಶ,

ರವಿವಾರ ಮಾತಿಗೆ ಮಾತು ಬೆಳೆದ ಮೇಲೆ ನಾಲ್ಕು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ಇವತ್ತು ಸಂಜೆಯೇ ಈರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಮಗ್ಗಕ್ಕೆ ನೂಲು ತರುವವನು, ಅವನನ್ನಂತೂ ನೀನು ಬಾಗಿಲಲ್ಲಿ ನಿಲ್ಲಿಸಲಾರೆ. ಸಿಟ್ಟಿನಲ್ಲಿ ಇದನ್ನು ಹರಿಯಬೇಡ. ಪೂರ್ತಿ ಓದಿ, ಆಮೇಲೆ ಬೇಕಾದರೆ ಒಲೆಗೆ ಹಾಕು.

ರವಿವಾರ ರಬಕವಿಗೆ ಬಂದಾಗ ನಾನು ನೋಡಿದ್ದು ಕಣ್ಣಿನಿಂದ ಹೋಗುತ್ತಿಲ್ಲ. ಉಪ್ಪಿಟ್ಟು ತಿಂದಾದ ಮೇಲೆ ನೀನು ನಿನ್ನ ಟಿ.ಬಿ. ಗುಳಿಗೆಯ ಪಾಕೀಟು ಬಿಡಿಸಿದೆ. ಡಾಕ್ಟರು ಹೇಳಿದ್ದು ದಿನಕ್ಕೆ ನಾಲ್ಕು. ಎರಡನ್ನು ನೀನು ಬಾಯಿಗೆ ಹಾಕಿಕೊಂಡೆ, ಎರಡನ್ನು ಶೇವಂತಿಯ ಅಂಗೈಯಲ್ಲಿಟ್ಟೆ. ನಿನ್ನ ಹೆಂಡತಿ ಗೋಡೆ ಕಡೆ ತಿರುಗಿ ನುಂಗಿದಳು. ಇದೇನು ಎಂದು ಕೇಳಿದರೆ ನೀನು ಅಂದೆ: "ಅಕ್ಕಾ, ಆಕಿಗೂ ಕೆಮ್ಮು ಹತ್ತೇತಿ. ದವಾಖಾನ್ಯಾಗ ಹೆಸರ ಬರಸಿದ್ರ ಓಣಿಗೆಲ್ಲಾ ಗೊತ್ತಾಗತೈತಿ. ಮಗಳ ಲಗ್ನ ಒಂದ ಮುಗೀಲಿ ಬಿಡ. ಮೂರ ತಿಂಗಳಾತು, ಇದ್ದದ್ದನ್ನ ಇಬ್ರೂ ಹಂಚ್ಕೊಳ್ಳಾಕತ್ತೇವಿ."

ನೀನು ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಒಂದೇ ರೊಟ್ಟಿ ಇದ್ದರೆ ಅರ್ಧ ಹೆಂಡತಿಗೆ ಮುರಿದು ಕೊಡುವಂಥವನು ನೀನು, ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಗುಳಿಗೆ ರೊಟ್ಟಿಯಲ್ಲಪ್ಪಾ.

ಇಪ್ಪತ್ತೆರಡು ವರ್ಷದಿಂದ ಹತ್ತನೇ ತರಗತಿಗೆ ಜೀವವಿಕಾಸದ ಪಾಠ ಮಾಡುತ್ತಿದ್ದೇನೆ. ಬೋರ್ಡಿನ ಮೇಲೆ ಜಿರಾಫೆಯ ಕುತ್ತಿಗೆ ಬರೆದು, ನಿಸರ್ಗದ ಆಯ್ಕೆ ಎಂದರೇನು, ನಾಲ್ಕು ಅಂಕ, ಎಂದು ಮಕ್ಕಳಿಗೆ ಉರು ಹೊಡೆಸಿದ್ದೇನೆ. ಅದೆಲ್ಲ ಲಕ್ಷಾಂತರ ವರ್ಷದ ಮಾತು ಎಂದುಕೊಂಡಿದ್ದೆ. ಈಗ ನಿನ್ನ ಎದೆಯೊಳಗೇ ಅದು ನಡೆದಿರಬಹುದು. ಕೇಳು. ಆ ಕ್ರಿಮಿಗಳು ಕೋಟಿಗಟ್ಟಲೆ ಇರುತ್ತವೆ, ಎಲ್ಲವೂ ಒಂದೇ ತರಹ ಇರುವುದಿಲ್ಲ. ಎಲ್ಲೋ ಒಂದೆರಡು ಕ್ರಿಮಿಗಳು ಔಷಧವನ್ನು ಸ್ವಲ್ಪ ತಾಳಿಕೊಳ್ಳುತ್ತವೆ. ಜಾಣತನದಿಂದಲ್ಲ, ಸುಮ್ಮನೆ ಹಾಗೆ ಹುಟ್ಟಿರುತ್ತವೆ. ಪೂರ್ತಿ ಔಷಧ ಬಿದ್ದರೆ ಅವೂ ಸಾಯುತ್ತವೆ. ಅರ್ಧ ಬಿದ್ದರೆ ಮೆತ್ತಗಿನವು ಮಾತ್ರ ಸತ್ತು ಜಾಗ ಖಾಲಿ ಮಾಡಿಕೊಡುತ್ತವೆ, ಆಮೇಲೆ ಹುಟ್ಟುವುದೆಲ್ಲ ತಾಳಿಕೊಂಡವುಗಳ ಸಂತಾನ. ನೀನು ದಿನಾ ಮುಂಜಾನೆ ಪ್ರೀತಿಯಿಂದ ಮಾಡಿದ್ದು ಈ ಆಯ್ಕೆಯನ್ನು.

ನಿನ್ನೊಬ್ಬನನ್ನೇ ಅಂದರೆ ನನ್ನ ಬಾಯಲ್ಲಿ ಹುಳ ಬೀಳಬೇಕು. ರಬಕವಿಯಲ್ಲಿ ಬೇಡ, ಜಮಖಂಡಿಯಲ್ಲಿ ನನ್ನ ವಿಳಾಸ ಕೊಟ್ಟು ಹೆಸರು ಬರೆಸು ಎಂದವಳು ನಾನು. ಹದಿನೈದು ದಿನಕ್ಕೊಮ್ಮೆ ಗುಳಿಗೆಗಳನ್ನು ಶೇಂಗಾ ಚಟ್ನಿಯ ಡಬ್ಬಿಯ ಕೆಳಗೆ ಬಚ್ಚಿಟ್ಟು ಬಸ್ಸಿನಲ್ಲಿ ತಂದವಳೂ ನಾನು. ನೀನು ನುಂಗುತ್ತೀಯೋ ಇಲ್ಲವೋ ಎಂದು ಯಾರೂ ಬಂದು ನೋಡದ ಹಾಗೆ ಮಾಡಿದೆ. ಊರಿಗೆಲ್ಲ ವಿಜ್ಞಾನ ಹೇಳುವವಳು ಮರ್ಯಾದೆಗೆ ಅಂಜಿ ಸತ್ತೆ.

ನಿನ್ನೆ ದವಾಖಾನೆಯಿಂದ ಕರೆ ಬಂತು. ಕಳೆದ ವಾರ ನೀನು ಕೊಟ್ಟ ಕಫದಲ್ಲಿ ಇನ್ನೂ ಕ್ರಿಮಿಗಳಿವೆ. ಈ ಔಷಧಕ್ಕೆ ಅವು ಸಾಯುತ್ತವೋ ಇಲ್ಲವೋ ನೋಡಲು ಮತ್ತೊಂದು ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬಂದಿಲ್ಲ. ಫೋನ್ ಗುಂಯ್ ಅಂದರೆ ಪಾಠ ಬಿಟ್ಟು ಹೊರಗೆ ಓಡುತ್ತೇನೆ. ಶೇವಂತಿಯ ಎದೆಯಲ್ಲಿ ಏನಿದೆ ಎಂದು ಯಾರೂ ನೋಡಿಯೇ ಇಲ್ಲ. ಅದೇ ಕೋಣೆಯಲ್ಲಿ ನಿನ್ನ ಮಗಳು ಅಕ್ಷತಾಳೂ ಮಲಗುತ್ತಾಳೆ.

ಅದಕ್ಕೆ ನಿನ್ನನ್ನು ಕೇಳದೆ ಒಂದು ಕೆಲಸ ಮಾಡಿದೆ. ಇವತ್ತು ಮುಂಜಾನೆ ಮಹಾಲಿಂಗಪುರಕ್ಕೆ ಫೋನ್ ಮಾಡಿ, ಹುಡುಗನ ತಂದೆ ಶಿದ್ರಾಮಪ್ಪನವರಿಗೆ ನಿನ್ನ ರೋಗದ ಹೆಸರು ಹೇಳಿಬಿಟ್ಟೆ. ಅವರು "ಮನ್ಯಾಗ ಕೇಳಿ ಹೇಳ್ತೇವ್ರೀ ಅಕ್ಕಾರ" ಎಂದು ಇಟ್ಟರು. ಸಂಜೆಯಾದರೂ ತಿರುಗಿ ಮಾಡಿಲ್ಲ. ಸಂಬಂಧ ಮುರಿದರೆ ಮುರಿದವಳು ನಾನು. ಅಕ್ಷತಾಗೂ ಹಾಗೇ ಹೇಳು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿಲ್ಲ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಮೂವರೂ ತಯಾರಾಗಿರಿ, ನಿಮ್ಮೂರಿನ ದವಾಖಾನೆಗೇ ಹೋಗೋಣ, ನಡುಬೀದಿಯಲ್ಲೇ ನಡೆದು. ಶೇವಂತಿಗೆ ಬೇಕಾದ ಔಷಧ ಅವಳ ಹೆಸರಿನಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ನಿನ್ನ ನಾಲ್ಕನ್ನು ನೀನೇ ನುಂಗು.

ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂತಿರುತ್ತೇನೆ. ನನ್ನ ಮುಖ ನೋಡಬೇಡ, ಮಾತು ಬಿಡು, ಮನೆತನ ಕೆಡಿಸಿದಳು ಎಂದು ಕಂಡಕಂಡವರ ಮುಂದೆ ಹೇಳು. ಎಂಬತ್ತು ವರ್ಷದ ಮುದುಕನಾಗಿ, ಹಲ್ಲೆಲ್ಲ ಬಿದ್ದ ಬಾಯಲ್ಲಿ ನೀನು ನನ್ನನ್ನು ಬೈಯುತ್ತಿರಬೇಕು. ಅಷ್ಟು ವರ್ಷ ಈ ಸಿಟ್ಟು ಬಾಳಲಿ ಎಂದು ಹರಸುವ,

ನಿನ್ನ ಅಕ್ಕ
ಗಂಗಾಂಬಿಕಾ