ಎಡ ಮೂಲೆಯ ಗೆರೆ

ಜುಲೈ 1, ಮಂಗಳವಾರ

ಬೆಳಿಗ್ಗೆ ಹೊಳಲ್ಕೆರೆ ಬೇಕರಿ. ಮುಂದಿನ ಗಾಜು, ಕೇಕ್ ಇಡುವ ಪೆಟ್ಟಿಗೆಯ ಗಾಜು, ಎರಡೂ. ಹಾಳು ಆಷಾಢದ ಗಾಳಿ — ಒರೆಸಿ ಬಕೆಟ್ ಎತ್ತುವಷ್ಟರಲ್ಲಿ ಮತ್ತೆ ಧೂಳು. ಬೇಕರಿಯವನು ಒಳ್ಳೆಯವನು. ನಕ್ಕು, ಎರಡು ಬನ್ ಕಟ್ಟಿಕೊಟ್ಟ.

ಅಲ್ಲಿಂದ ಹೊಸದುರ್ಗದ ಬಸ್ಸು. ತಿಪ್ಪೇರುದ್ರಪ್ಪನವರ ಕಲ್ಯಾಣ ಮಂಟಪ. ಆಷಾಢದಲ್ಲಿ ಮದುವೆಯೇ ಇಲ್ಲ. ಖಾಲಿ ಮಂಟಪಕ್ಕೆ ವಾರವಾರ ಗಾಜು ಒರೆಸಿಸುವ ಮನುಷ್ಯ ಈ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು. ನಾನು ಒರೆಸುವಷ್ಟು ಹೊತ್ತೂ ಕೈಕಟ್ಟಿ ಹಿಂದೆ ನಿಂತಿರುತ್ತಾರೆ. ಒಂದು ಮಾತಿಲ್ಲ. ಮಾತೆಲ್ಲ ಸಂಜೆಗೆ, ಫೋನಿನಲ್ಲಿ, ನಮ್ಮನೆಯವರ ಹತ್ತಿರ.

ಇವತ್ತೂ ಅಷ್ಟೇ. ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ರಿಂಗಾಯಿತು. ಮೆಟ್ಟಿಲ ಮೇಲೆ ನೀರು ಚೆಲ್ಲಿತ್ತಂತೆ. ಸೋಪಿನ ವಾಸನೆ ಬೇರೆ ಥರ ಇತ್ತಂತೆ. ಬಕೆಟ್ ಇಟ್ಟ ಸದ್ದು ಜೋರಾಯಿತಂತೆ... ಇನ್ನು ನಾನು ಉಸಿರಾಡಿದ್ದೂ ಜೋರಾಯಿತು ಅನ್ನಬೇಕು. ಆದರೆ ಗಾಜಿನಲ್ಲಿ ಗೆರೆ ಇತ್ತು ಅಂತ ಮಾತ್ರ ಇವತ್ತಿನವರೆಗೂ ಅಂದಿಲ್ಲ. ಅನ್ನಲು ನಾನು ಬಿಟ್ಟಿಲ್ಲ.

ನಮ್ಮನೆಯವರು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಕೋಲು ಹಿಡಿದು ಓಣಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ. ಟಕ್, ಟಕ್. ‘ಹೌದಣ್ಣಾರೆ... ಹೇಳ್ತೀನಣ್ಣಾರೆ...’ ನನಗೆ ಕೇಳಲಾಗದೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡೆ. ಬಲ ಭುಜ ಉರಿಯುತ್ತಿದೆ.

ಜುಲೈ 3, ಗುರುವಾರ

ಟೈಲರ್ ದಿವ್ಯಾಗೆ ಬ್ಲೌಸ್ ಅಳತೆ ಕೊಡಲು ಹೋಗಿದ್ದೆ. ಕೈ ಎತ್ತಕ್ಕ ಅಂದಳು. ಎತ್ತಲು ಆಗಲಿಲ್ಲ. ಟೇಪು ಕೆಳಗಿಟ್ಟು ಕೂರಿಸಿ ಬೈದಳು. ಎಲ್ಲರನ್ನೂ ಹೊತ್ತುಕೊಂಡು ತಿರುಗಬೇಡ, ಕಾಟ ಕೊಡುವ ಗಿರಾಕಿಗಳನ್ನು ಬಿಟ್ಟುಬಿಡು, ಬ್ಲೌಸನ್ನು ಆರಾರು ಸಲ ಬಿಚ್ಚಿಸುವವರನ್ನು ತಾನೂ ಬಿಟ್ಟಿದ್ದೇನೆ ಎಂದಳು. ಹುಡುಗಿ ಹೇಳಿದ್ದು ಸರಿ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಕಾಟ ಕೊಡುವವರು ಮೂವರು. ಹಿರಿಯೂರಿನ ಕ್ಲಿನಿಕ್ಕಿನವರು — ನಾನು ಬಸ್ಸು ಹತ್ತಿದ ಮೇಲೆಯೇ ‘ಇವತ್ತು ಬೇಡ’ ಅನ್ನುವವರು. ಇದೇ ಊರಿನ ಶಾಂತಕ್ಕ — ಕಿಟಕಿ ಮುಗಿದ ಕೂಡಲೇ ‘ಹಂಗೇ ಒಂಚೂರು’ ಅಂತ ಶುರುಮಾಡಿ ಫ್ಯಾನು, ಗ್ರಿಲ್ಲು, ಕೊನೆಗೆ ಕಾರು. ಮೂರನೆಯವರು ಯಾರೆಂದು ಬರೆಯಬೇಕಾಗಿಲ್ಲ.

ಆದರೆ ಇನ್ನು ಬರುವುದಿಲ್ಲ ಅನ್ನುವ ಮಾತು ಫೋನಿನಲ್ಲಿ ಹೇಳಬೇಕು. ಫೋನು ಇವರದು. ಹೋದ ವರ್ಷ ಕೆಲಸದ ಮೇಲೆ ಏಣಿ ಜಾರಿ ಬಿದ್ದು ತೊಡೆಗೆ ರಾಡು ಹಾಕಿಸಿಕೊಂಡಾಗಿನಿಂದ ಹಾಗೆ ಹಂಚಿಕೊಂಡಿದ್ದೇವೆ. ಗಾಜು ನನ್ನದು, ಗಿರಾಕಿಗಳ ಜೊತೆ ಮಾತು ಅವರದು. ದಿನಾ ನಡೆಯಲೇಬೇಕು ಅಂದಿದ್ದಾರೆ ಡಾಕ್ಟರು. ಕೂತರೆ ಕಾಲು ಬಿಗಿದುಕೊಂಡು ಈ ಜನ್ಮಕ್ಕೆ ಕೋಲು ಬಿಡಲಾಗುವುದಿಲ್ಲವಂತೆ. ನಡೆಯುತ್ತಿದ್ದಾರೆ, ಪಾಪ. ಬಾಗಿಲ ತನಕ ಇದ್ದದ್ದು ಈಗ ಓಣಿಯ ನಲ್ಲಿಕಟ್ಟೆಯ ತನಕ ಬಂದಿದೆ.

ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಭುಜ ನೋಡಿದರು. ಮಾಡ್ತೀನಿ ಬಿಡು ಅಂದರು.

ಜುಲೈ 5, ಶನಿವಾರ

ಮೊದಲು ಶಾಂತಕ್ಕನಿಗೆ ಫೋನು ಮಾಡಿದರು. ನಾನು ಒಳಗೆ ಚಟ್ನಿ ರುಬ್ಬುವುದನ್ನು ನಿಲ್ಲಿಸಿ ಕಿವಿಗೊಟ್ಟೆ. ಆರೋಗ್ಯ ವಿಚಾರಿಸಿದರು. ಮಗಳ ಪರೀಕ್ಷೆ ವಿಚಾರಿಸಿದರು. ನಿಧಾನಕ್ಕೆ ನನ್ನ ಭುಜದ ವಿಷಯಕ್ಕೆ ಬಂದರು — ಪರವಾಗಿಲ್ಲ ಅಂದುಕೊಂಡೆ. ಶಾಂತಕ್ಕ ಅಯ್ಯೋ ಅಂದು ಯಾವುದೋ ಎಣ್ಣೆಯ ಹೆಸರು ಹೇಳಿದಳಂತೆ. ಅಷ್ಟಕ್ಕೇ ಇವರು ಕರಗಿ ನೀರು. ಬಿಡಿಸಿಕೊಳ್ಳಲು ಹೋದವರು ಇನ್ನೆರಡು ಸೊಳ್ಳೆ ಪರದೆಯ ಬಾಗಿಲು ಒಪ್ಪಿಕೊಂಡು ಬಂದರು.

ಸಿಟ್ಟು ನೆತ್ತಿಗೇರಿತು. ಮಾತು ಬಿಟ್ಟೆ. ಪಾತ್ರೆ ತೊಳೆಯುವಾಗ ಮಾತ್ರ ನೆನೆಸಿಕೊಂಡು ನಗು ತಡೆಯಲಾಗಲಿಲ್ಲ. ಇಂಥವರನ್ನು ಕಟ್ಟಿಕೊಂಡದ್ದಕ್ಕೆ ಯಾವತ್ತೂ ಬೇಸರವಾಗಿಲ್ಲ, ಅದು ಬೇರೆ ಮಾತು.

ಜುಲೈ 6, ಭಾನುವಾರ

ಫೋನು ನಾನೇ ಇಸಿದುಕೊಂಡೆ. ಕ್ಲಿನಿಕ್ಕಿನವರು ಓಕೆ ಅಂದರು. ಶಾಂತಕ್ಕ ಮುನಿಸಿಕೊಂಡಳು, ಒಂಚೂರು ಕೆಲಸಕ್ಕೆ ಇಷ್ಟೊಂದಾ ಅಂತ. ಹೂಂ, ಇಷ್ಟೊಂದು ಅಂದೆ.

ಕೊನೆಗೆ ತಿಪ್ಪೇರುದ್ರಪ್ಪ. ಅವರು ಜಗಳಕ್ಕೆ ಬರುತ್ತಾರೆ, ಬಂದರೆ ಏನೇನು ಅನ್ನಬೇಕು ಅಂತ ರಾತ್ರಿಯೆಲ್ಲ ಜೋಡಿಸಿಟ್ಟಿದ್ದೆ. ಇನ್ನು ನಿಮ್ಮ ಮಂಟಪಕ್ಕೆ ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, ‘ಆಯ್ತಮ್ಮ.’ ಇಟ್ಟುಬಿಟ್ಟರು. ಜೋಡಿಸಿಟ್ಟ ಮಾತೆಲ್ಲ ದಂಡ.

ಇವರು ಹೊಸ್ತಿಲಲ್ಲಿ ನಿಂತಿದ್ದರು. ‘ತಿಪ್ಪೇರುದ್ರಣ್ಣ ಏನಂದ್ರು?’

‘ಆಯ್ತಮ್ಮ ಅಂದ್ರು.’

‘ಅಷ್ಟೇನಾ?’

ಅಷ್ಟೇ ಅಂದೆ. ಫೋನು ಇಸಿದುಕೊಂಡು, ಅಂಗಿಗೆ ಒರೆಸಿ, ಜೇಬಿಗಿಟ್ಟುಕೊಂಡರು.

ಜುಲೈ 8, ಮಂಗಳವಾರ

ಸಂಜೆ ಫೋನಿಲ್ಲ. ಕಾಫಿ ಬಿಸಿ ಇರುವಾಗಲೇ ಕುಡಿದೆ. ಸ್ವರ್ಗ!

ಜುಲೈ 10, ಗುರುವಾರ

ಚಂದ್ರವಳ್ಳಿ ಕಡೆ ಒಂದು ಹೊಸ ಮನೆ ಸಿಕ್ಕಿದೆ. ಒಳ್ಳೆಯ ಜನ. ಕೂತ್ಕೊಳ್ಳಿ ಅಂದರು, ಟೀ ಕೊಟ್ಟರು, ಫ್ಯಾನಿನ ಹೆಸರೇ ಎತ್ತಲಿಲ್ಲ. ಕೈ ಈಗ ಕಿವಿಯ ತನಕ ಏಳುತ್ತದೆ. ದಿವ್ಯಾಗೆ ಒಂದು ಡಜನ್ ಬಾಳೆಹಣ್ಣು ಕೊಟ್ಟು ಬಂದೆ.

ಜುಲೈ 17, ಗುರುವಾರ

ಒಂದು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಅದೇ ಸುಖ ಅಂದುಕೊಂಡಿದ್ದೆ.

ಇವರು ಗಡ್ಡ ತೆಗೆದುಕೊಂಡಿಲ್ಲ. ಮೊನ್ನೆ ಮಂಗಳವಾರ ಸಂಜೆ ಮಾತ್ರ ತಲೆ ಬಾಚಿಕೊಂಡು, ಫೋನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತಿದ್ದರು. ಯಾವುದೋ ಬುಕಿಂಗ್ ಕಾಯುತ್ತಿದ್ದಾರೆ ಅಂದುಕೊಂಡು ನಾನು ಸಾರಿಗೆ ಒಗ್ಗರಣೆ ಹಾಕಲು ಹೋದೆ. ಕತ್ತಲಾದ ಮೇಲೂ ಅಲ್ಲೇ ಇದ್ದರು. ಒಳಗೆ ಬರುವಾಗ ಗೋಡೆ ಹಿಡಿದುಕೊಂಡರು.

ಕಾಲು ಹೇಗಿದೆ ಅಂತ ಕೇಳಿದೆ. ‘ಅಲ್ಲೇ ಐತಲ್ಲ, ಎಲ್ಲೂ ಹೋಗಿಲ್ಲ’ ಅಂದರು. ಯಾವಾಗಲೂ ಹೀಗೆ ತಮಾಷೆ ಮಾಡಿ ನನ್ನ ಮುಖ ನೋಡುತ್ತಾರೆ, ನಗುತ್ತೇನೋ ಇಲ್ಲವೋ ಅಂತ. ಇವತ್ತು ನೋಡಲಿಲ್ಲ.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಬೆಳಿಗ್ಗೆ ಬೇಗ ಎದ್ದು ಪೂಜೆ ಮಾಡಿದೆ. ಇವರನ್ನು ಕುರ್ಚಿಯ ಮೇಲೆ ಕೂರಿಸಿ ಪಾದ ತೊಳೆದೆ. ವರ್ಷವರ್ಷ ಮಾಡುವುದೇ. ಇವರು ವರ್ಷವರ್ಷ ನಾಚಿಕೊಳ್ಳುವುದೂ ಇದ್ದದ್ದೇ.

ತಟ್ಟೆಯಲ್ಲಿ ನೀರು ತಿಳಿಯಾಗಿ ಉಳಿಯಿತು.

ನಾನು ಸ್ವಲ್ಪ ಹೊತ್ತು ಆ ನೀರನ್ನೇ ನೋಡುತ್ತ ಕೂತೆ. ಈ ಊರಿನಲ್ಲಿ, ಈ ಗಾಳಿಯಲ್ಲಿ, ಓಣಿಗೆ ಇಳಿದು ಬಂದವರ ಕಾಲು ಧೂಳಿಗೆ ಕೆಂಪಾಗಿರಬೇಕು. ಇವರದು ಮಗುವಿನ ಕಾಲಿನ ಹಾಗೆ ಸ್ವಚ್ಛ. ಬಲಗಾಲಿನ ಮೀನಖಂಡ ಸಣ್ಣಗಾಗಿದೆ. ಬೆರಳು ಮಡಚಿ ಅಂದೆ, ಪೂರ್ತಿ ಮಡಚಲಾಗಲಿಲ್ಲ. ಬಾಗಿಲ ಪಕ್ಕ ಅವರ ಚಪ್ಪಲಿ ನೋಡಿದೆ. ಜೇಡ ಬಲೆ ಕಟ್ಟಿತ್ತು.

ಎಷ್ಟು ದಿನದಿಂದ ಹೊರಗೆ ಹೋಗಿಲ್ಲ ಅಂತ ಕೇಳಿದೆ. ತಲೆ ತಗ್ಗಿಸಿದರು. ನಾನು ಕೆಲಸಕ್ಕೆ ಹೋದ ಮೇಲೆ ಹೋಗಿ ಬರುತ್ತೇನೆ ಅಂತಿದ್ದರು, ನಂಬಿದ್ದೆ. ಕೊನೆಗೆ ಬಾಯಿಬಿಟ್ಟರು.

‘ಒಬ್ನೇ ನಡಿಯಾಕೆ ಹೋದ್ರೆ ಬರೀ ಕಾಲೇ ನೆನಪಾಗ್ತತೆ ಅನೂ. ತಿಪ್ಪೇರುದ್ರಣ್ಣ ಫೋನಿನಾಗೆ ಇದ್ರೆ ಕಾಲು ಮರ್ತೋಗ್ತಿತ್ತು.’

ಗಾಜಿನ ದೂರು ನಾಲ್ಕು ಮಾತಂತೆ. ನಾನು ಬಚ್ಚಲಿಗೆ ಹೋಗುವಷ್ಟರಲ್ಲಿ ಮುಗಿಯುತ್ತಿತ್ತಂತೆ. ಆಮೇಲೆ ಇಬ್ಬರೂ ನಡೆಯುವುದು. ಅವರಿಗೂ ಮಂಡಿ ನೋವು, ಅವರಿಗೂ ನಡೆಯಲು ಹೇಳಿದ್ದಾರೆ. ಇವರು ಓಣಿಯಲ್ಲಿ, ಅವರು ಖಾಲಿ ಮಂಟಪದೊಳಗೆ. ಮಂಗಳವಾರ ಅಷ್ಟೇ ಅಲ್ಲ, ನಾನಿನ್ನೂ ಬಸ್ಸಿನಲ್ಲಿ ಇರುವ ದಿನಗಳಲ್ಲೂ ಫೋನು ಬರುತ್ತಿತ್ತಂತೆ, ನೆನಪಾದ ಹಳೇ ದೂರು ಹಿಡಿದುಕೊಂಡು.

ನೀವೇ ಒಂದು ಫೋನು ಮಾಡಬಾರದಿತ್ತಾ ಅಂದೆ. ‘ಸುಮ್‌ಸುಮ್ನೆ ಫೋನ್ ಮಾಡಾಕೆ ನಾವೇನು ಹುಡುಗ್ರಾ?’ ಅಂದರು.

ನೀರನ್ನು ತುಳಸಿಗೆ ಹಾಕಿ ಅಲ್ಲೇ ನಿಂತು ಅತ್ತೆ. ಇವರಿಗೆ ಕಾಣದ ಹಾಗೆ.

ಜುಲೈ 25, ಶುಕ್ರವಾರ

ಮೊದಲ ಬಸ್ಸಿಗೆ ಹೊಸದುರ್ಗ. ಚಂದ್ರವಳ್ಳಿ ಮನೆಗೆ ಹೋಗುತ್ತೇನೆ ಅಂತ ಇವರಿಗೆ ಸುಳ್ಳು ಹೇಳಿದೆ.

ದಾರಿಯುದ್ದಕ್ಕೂ ಹೇಗೆ ಕೇಳಬೇಕು ಅಂತ ಅಂದುಕೊಂಡು ಹೋದೆ. ಕಾಟ ಕೊಡುತ್ತೀರಿ ಅಂತ ಬಿಟ್ಟು ಬಂದವಳು ಈಗ ದಯವಿಟ್ಟು ಕಾಟ ಕೊಡಿ ಅಂತ ಕೇಳುವುದು ಹೇಗೆ? ಮರ್ಯಾದೆ ಅನ್ನುವುದು ನನಗೂ ಇದೆ. ಹೊಳಲ್ಕೆರೆಯಲ್ಲಿ ಇಳಿದು ವಾಪಸ್ಸು ಹೋಗೋಣ ಅಂತಲೂ ಅನ್ನಿಸಿತು. ಬಸ್ಸು ಬೇಗ ಬಿಟ್ಟಿತು, ಪುಣ್ಯ.

ಮಂಟಪದ ಗಾಜಿಗೆ ಮೂರು ವಾರದ ಧೂಳು. ಬೇರೆ ಯಾರನ್ನೂ ಇಟ್ಟುಕೊಂಡಿಲ್ಲ. ಒಳಗೆ ಕುರ್ಚಿಯಲ್ಲಿ ಕೂತಿದ್ದವರು ನನ್ನನ್ನು ಕಂಡು ಎದ್ದರು, ಮಂಡಿ ಹಿಡಿದುಕೊಂಡು. ಶ್ರಾವಣ ಬಂತು, ಮದುವೆಗಳು ಶುರುವಾಗುತ್ತವೆ, ಅದಕ್ಕೇ ಬಂದೆ ಅಂದೆ. ಇನ್ನು ತಿಂಗಳಿಗೆ ಒಂದೇ ಸಲ ಬರುವುದು, ಕೈಗೆಟುಕುವ ಗಾಜು ಮಾತ್ರ ಒರೆಸುವುದು ಅಂದೆ. ತಲೆಯಾಡಿಸಿದರು. ಇವರಿಗೆ ಫೋನು ಮಾಡಿ ಅಂತ ಮಾತ್ರ ಕೇಳಲಿಲ್ಲ. ಸ್ಪಂಜು ಅದ್ದಿ ಕೆಲಸ ಶುರುಮಾಡಿದೆ.

ಹಿಂದೆಯೇ ಬಂದು ನಿಂತರು. ಕೈಕಟ್ಟಿ. ಯಾವತ್ತೂ ಮಾತಾಡದವರು ಇವತ್ತು ಮಾತಾಡಿದರು, ಅದೂ ನಮ್ಮನೆಯವರ ಬಗ್ಗೆ.

‘ಮುರುಗೇಶಪ್ಪ ನಲ್ಲಿ ದಾಟಿದ್ನಾ?’

ಇಲ್ಲ ಅಂದೆ. ತಿರುಗಿ ನೋಡಲಿಲ್ಲ.

‘ಶ್ರಾವಣಕ್ಕೆ ಮೂಲೆ ಅಂಗಡಿ ತಂಕ ಹೋಗ್ತೀನಿ ಅಂದಿದ್ದ ಕಣಮ್ಮ. ಹೋದ್ರೆ ಬಾ, ಮಂಟಪದಾಗೆ ಊಟ ಹಾಕಿಸ್ತೀನಿ ಅಂದಿದ್ದೆ.’

ಕಣ್ಣು ಒರೆಸಿಕೊಂಡೆ, ಕೈಯಲ್ಲಿ ಸೋಪಿತ್ತು, ಇನ್ನಷ್ಟು ಉರಿಯಿತು. ಈ ಮನುಷ್ಯನ ದೂರುಗಳನ್ನು ಇಷ್ಟು ದಿನ ನನ್ನ ಲೆಕ್ಕಕ್ಕೆ ಬರೆದುಕೊಂಡಿದ್ದೆನಲ್ಲ. ನಾಚಿಕೆಯಾಯಿತು.

ಕೈಗೆಟುಕುವ ಗಾಜೆಲ್ಲ ಒರೆಸಿದೆ. ಥಳಥಳ. ಕೊನೆಯದು ಅವರ ಕುರ್ಚಿಯ ಎದುರಿನದು. ವೈಪರ್ ಅನ್ನು ಮೇಲಿಂದ ಎಳೆದು, ಎಡ ಮೂಲೆಗೆ ಬಂದಾಗ ಅದರ ರಬ್ಬರ್ ತುದಿ ಒರೆಸದೆ ಹಾಗೇ ಎಳೆದುಬಿಟ್ಟೆ. ಗೇಣುದ್ದ ಗೆರೆ ಬಿತ್ತು. ಕೈ ತಾನಾಗಿ ಬಟ್ಟೆಗೆ ಹೋಯಿತು. ತಡೆದುಕೊಂಡೆ. ಅಷ್ಟು ಕಷ್ಟದ ಕೆಲಸ ಈ ಗಾಜುಗಳ ಜೊತೆ ನಾನು ಮಾಡಿಯೇ ಇಲ್ಲ.

ತಿಪ್ಪೇರುದ್ರಪ್ಪ ಗೆರೆ ನೋಡಿದರು. ನನ್ನನ್ನು ನೋಡಿದರು. ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು, ಸಂಜೆಗೆ ಎತ್ತಿಟ್ಟುಕೊಂಡವರ ಹಾಗೆ.

‘ಹುಷಾರಾಗಿ ಹೋಗ್ಬರ್ರಿ’ ಅಂದರು, ಅಷ್ಟೇ.

ಅದೇ ದಿನ, ಸಂಜೆ ಆರೂವರೆ

ರಿಂಗಾಯಿತು. ನಾನು ಬಚ್ಚಲಿಗೆ ಹೋಗಲಿಲ್ಲ. ಅಡುಗೆ ಮನೆಯಲ್ಲೇ ಕಿವಿಗೊಟ್ಟೆ.

ಇವರು ‘ಅಣ್ಣಾರೆ!’ ಅಂದದ್ದು ಓಣಿಗೆಲ್ಲ ಕೇಳಿಸಿರಬೇಕು. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳುತ್ತ ನಿಂತರು. ಅಡುಗೆ ಮನೆಯ ಕಡೆ ತಿರುಗಿ ನನ್ನನ್ನು ಒಂದು ಥರ ನೋಡಿದರು. ಹೊಸದುರ್ಗಕ್ಕೆ ಹೋಗಿದ್ದು ಗೊತ್ತಾಗಿಹೋಯಿತು. ನಾನು ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ.

ಆಮೇಲೆ ಇವರ ದನಿ ಏರಿತು. ನನ್ನ ಸಲುವಾಗಿ ಇವರು ಅವರ ಮೇಲೆ ದನಿ ಏರಿಸಿದ್ದು ಇದೇ ಮೊದಲು. ‘ಗೆರೆನಾ? ಸಾಧ್ಯನೇ ಇಲ್ಲ ಬಿಡ್ರಿ. ನಮ್ಮ ಅನು ಒರೆಸಿದ್ ಗಾಜಿನಾಗೆ ಗೆರೆ ಇರಲ್ಲ. ಮೊದ್ಲು ನಿಮ್ಮ ಕನ್ನಡಕ ಒರೆಸ್ಕಳ್ರಿ.’ ನನಗೆ ನಗುವೂ ಬಂತು, ಅಳುವೂ ಬಂತು. ಈರುಳ್ಳಿ ಇತ್ತು, ನೆವಕ್ಕೆ.

ಚಪ್ಪಲಿ ಕೊಡವಿ ಮೆಟ್ಟಿಕೊಂಡರು. ಟಕ್, ಟಕ್. ತುಂಬಾ ನಿಧಾನ. ವಾದ ಮಾಡುತ್ತಲೇ ಹೋದರು. ಒಮ್ಮೆ ನಿಂತ ಹಾಗಾಯಿತು, ಚಾಕು ಕೆಳಗಿಟ್ಟೆ. ಮತ್ತೆ ಟಕ್.

ಈಗ ಇಲ್ಲಿ ಕೂತು ಬರೆಯುತ್ತ ಕೇಳುತ್ತಿದ್ದೇನೆ. ನಲ್ಲಿಕಟ್ಟೆಯ ಹತ್ತಿರ ಮಾತು ಕೇಳಿಸುತ್ತಿತ್ತು. ಈಗ ಕೇಳಿಸುತ್ತಿಲ್ಲ. ಕೋಲಿನ ಸದ್ದೂ ಇಲ್ಲ. ಕೂತುಬಿಟ್ಟರೋ... ಇಲ್ಲ, ದೂರದಲ್ಲಿ ನಗು. ಇವರದೇ. ಅದು ನಲ್ಲಿಯ ಕಡೆಯಿಂದಲ್ಲ, ಮೂಲೆ ಅಂಗಡಿಯ ಕಡೆಯಿಂದ — ಎದ್ದು ನೋಡಿ ಬರುತ್ತೇನೆ.