ಅವೆತುವಿನ ಎದೆಯ ಮೇಲೆ ನನ್ನ ಮಗ

ಜೂನ್ 9, ಬೆಳಗ್ಗೆ

ಇವತ್ತೂ ಮಗನ ತೂಕ ಏರಿದೆ. ನನ್ನ ಎದೆಯ ಮೇಲಲ್ಲ, ಅವೆತುವಿನ ಎದೆಯ ಮೇಲೆ. ಆಪರೇಷನ್ ಗಾಯ ಕೀವು ಕಟ್ಟಿದೆ, ನೀವು ಮಗು ಹೊರಬೇಡಿ ಅಂದರು ಆಸ್ಪತ್ರೆಯವರು. ಜೊತೆಗೆ ಬಂದವಳು ಸವತಿ ಅವೆತು ಒಬ್ಬಳೇ. ಸರಿ... ನನ್ನ ಕೂಸನ್ನು ಬರಿ ಎದೆಗೆ ಒರಗಿಸಿ, ಮೇಲೆ ಚಿತೆಂಜೆ ಬಟ್ಟೆ ಬಿಗಿದು ರಾಣಿಯ ಹಾಗೆ ಕೂತಿದ್ದಾಳೆ. ನಾನು ಲೋಟಕ್ಕೆ ಹಾಲು ಹಿಂಡಿ ಕೊಡಬೇಕು. ಹಸುವಿನ ಹಾಗೆ.

ಎಷ್ಟೋ ವರ್ಷ ಕಾದು ಹೆತ್ತದ್ದು. ಅವಳಿಗಾಗಲೇ ಮೂರಿವೆ. ಒಂದೊಂದೂ ಕುಂಬಳಕಾಯಿ. ಮಳೆಯಲ್ಲಿ ನೆನೆದರೂ ಸೀನುವುದಿಲ್ಲ.

ಜೂನ್ 10

ಇವನಿಗೆ ಮಾತ್ರ ಯಾಕಿಷ್ಟು ಕಾವಲು ಅಂತ ಸಿಸ್ಟರ್ ಎನಿಫಾರನ್ನು ಕೇಳಿದೆ. ಮಂಚದ ತುದಿಗೆ ಕೂತು ಬಿಡಿಸಿ ಹೇಳಿದರು. ರೋಗದ ಜೊತೆ ಗುದ್ದಾಡುವ ಶಕ್ತಿ ತಾಯಿಯಿಂದ ಮಗುವಿಗೆ ದಾಟುವುದು ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಂತೆ. ಇವನು ಏಳಕ್ಕೇ ಹೊರಟುಬಿಟ್ಟ — ಬುತ್ತಿ ಕಟ್ಟುವ ಮೊದಲೇ. ಶ್ವಾಸಕೋಶವೂ ಬಲಿತಿಲ್ಲ. ಬೇರೆ ಕೂಸಿಗೆ ಮೂಗು ಸೋರಿಸುವ ನೆಗಡಿ ಇವನ ಉಸಿರನ್ನೇ ಹಿಡಿಯಬಹುದು. ನಿಮ್ಮ ಹಾಲು, ಎದೆಯ ಬಿಸಿ, ಇವೆರಡೂ ಕೊರತೆಯನ್ನು ಒಂದಿಷ್ಟು ತುಂಬುತ್ತವೆ ಅಂದರು. ಕೆಮ್ಮುವವರು ಮಾತ್ರ ಹೊರಕೂಡದು.

ಅಂದರೆ ಅವೆತು ಮೂರಕ್ಕೂ ಬುತ್ತಿ ಕಟ್ಟಿಯೇ ಕಳಿಸಿದ್ದಾಳೆ. ನಾನು ಬರಿಗೈಯಲ್ಲಿ ಕಳಿಸಿದೆ. ಊಟ ಸೇರಲಿಲ್ಲ.

ಜೂನ್ 12

ಹೊಸ ನರ್ಸ್ ಅವೆತುವನ್ನೇ ತಾಯಿ ಅಂದುಕೊಂಡಳು. ಅವೆತು ನಕ್ಕು ನನ್ನತ್ತ ಕೈ ತೋರಿಸಿದಳು. ನಗುವುದು ಯಾತಕ್ಕೆ?

ಗಾಯ ಒಣಗುತ್ತಿದೆ. ಇನ್ನು ಇಬ್ಬರೂ ಸರದಿಯಲ್ಲಿ ಹೊರಬಹುದಂತೆ. ಸರದಿಯಂತೆ! ಗಂಡನನ್ನು ಸರದಿಯಲ್ಲಿ ಹಂಚಿಕೊಂಡದ್ದು ಸಾಲದೇ?

ಜೂನ್ 13

ಸುಳ್ಳು ಹೇಳಿದೆ. ಊಟದ ಹೊತ್ತಿಗೆ ನ್ಸಿಮಾ ಮುದ್ದೆ ಗಂಟಲಿಗೆ ಸಿಕ್ಕಿ ಅವೆತು ಒಮ್ಮೆ ಕೆಮ್ಮಿದಳು. ರಾತ್ರಿಯೆಲ್ಲ ಕೆಮ್ಮುತ್ತಾಳೆ ಅಂತ ಸಿಸ್ಟರ್ ಕಿವಿಗೆ ಹಾಕಿದೆ. ಅವಳನ್ನು ತಕ್ಷಣ ವಾರ್ಡಿನಿಂದ ಹೊರಗೆ ಕಳಿಸಿದರು. ಹೊರಡುವ ಮುಂಚೆ ಗಂಟು ಬಿಚ್ಚಿ ಅವನನ್ನು ನನ್ನ ಎದೆಗಿಟ್ಟಳು.

"ಅಕ್ಕಾ, ಸ್ವಲ್ಪ ಎಡಕ್ಕೆ ಮಲಗಿಸ್ಕೋ. ಎದೆ ಬಡಿಯೋದು ಕೇಳ್ತಿದ್ರೆ ಅಳಲ್ಲ."

ನನ್ನ ಮಗನ ಬಗ್ಗೆ ನನಗೇ ಪಾಠ.

ಬೆಚ್ಚಗಿದ್ದ. ಕಪ್ಪೆಮರಿಯಷ್ಟೇ ಇದ್ದಾನೆ. ತಲೆಯಲ್ಲಿ ಇನ್ನೂ ಅವಳ ಬೆವರಿನ ವಾಸನೆ. ಒರೆಸಿದೆ.

ಜೂನ್ 16

ಸ್ಟಾಂಬುಲಿ ಬಂದಿದ್ದರು. ನಮ್ಮಿಬ್ಬರ ಗಂಡ. ಮಂಗೋಚಿಯಿಂದ ಮೀನಿನ ಲಾರಿ ಹತ್ತಿ, ಸರೋವರದ ಚಳಿಗಾಳಿಯಲ್ಲಿ. ಅವೆತು ಮನೆಗೆ ಹೋಗಲೊಲ್ಲಳಂತೆ. ಹೊರಗೆ ಅಡುಗೆ ಚಪ್ಪರದಲ್ಲೇ ಮಲಗುತ್ತಾಳಂತೆ. "ಅವಳಿಗೆ ಕೆಮ್ಮೆಲ್ಲಿದೆ?" ಅಂದರು. ಮಾತು ಮರೆಸಿದೆ.

ಮೂಗು ಒರೆಸಿಕೊಳ್ಳುತ್ತಲೇ ಇದ್ದರು. ದೂರ ಕೂರಿ ಅನ್ನಬೇಕಿತ್ತು. ಅನ್ನಲಿಲ್ಲ. ಇಲ್ಲಿಂದ ಎಬ್ಬಿಸಿದರೆ ಹೋಗಿ ಅವಳ ಪಕ್ಕ ಕೂರುತ್ತಿದ್ದರು.

ಜೂನ್ 18, ಬೆಳಗ್ಗೆ

ಗಂಟಲು ಕೆರೆತ. ಮೂಗು ಸೋರುತ್ತಿದೆ. ಯಾರಿಗೂ ಗೊತ್ತಿಲ್ಲ. ಸೀನು ಬಂದಾಗ ದಿಂಬಿಗೆ ಮುಖ ಒತ್ತಿದೆ. ಹೇಳಿದರೆ ಮಗ ಮತ್ತೆ ಅವಳಿಗೆ, ನನಗೆ ಮತ್ತೆ ಲೋಟ...

ಅದೇ ದಿನ, ಸ್ವಲ್ಪ ಹೊತ್ತಿಗೆ

ಅವನ ಉಸಿರು ಒಂದು ಸಲ ತಡವಾಯಿತು. ಆಮೇಲೆ ಬಂತು. ಅಷ್ಟರಲ್ಲಿ ನಾನು ಸತ್ತು ಹುಟ್ಟಿದೆ.

ಕಿಟಕಿಯಿಂದ ಕೂಗಿದೆ. "ಅವೆತು, ಬಾರೇ. ನನಗೆ ನೆಗಡಿ. ಇವನನ್ನ ಎತ್ಕೋ."

ಓಡಿ ಬಂದಳು. ಬಾಗಿಲಲ್ಲೇ ನಿಂತಳು.

"ನಂಗೆ ಕೆಮ್ಮು ಅಂತ ಹೇಳಿದ್ದಾರಲ್ಲ ಅಕ್ಕಾ. ಒಳಗೆ ಬಿಡಲ್ಲ."

ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೇನೆ. ಸಿಸ್ಟರನ್ನು ಕರೆಯಲು ಪಕ್ಕದ ಮಂಚದವಳು ಹೋಗಿದ್ದಾಳೆ. ಅವೆತು ಅಲ್ಲೇ ಕೈ ತೊಳೆದು ಕಾಯುತ್ತಿದ್ದಾಳೆ, ಕಣ್ಣೆಲ್ಲ ಇವನ ಮೇಲೆ. ಈಗಲೂ ಹೊಟ್ಟೆ ಉರಿಯುತ್ತದೆ. ಉರಿಯಲಿ. ಸಿಸ್ಟರ್ ಬಂದರು. ಹೇಳಿಬಿಡುತ್ತೇನೆ — ಅವಳಿಗೆ ಕೆಮ್ಮೇ ಇಲ್ಲ, ನಾನೇ...